ಸಮುದ್ರದ ದಂಡೆಯಲ್ಲಿ ಹನ್ನೊಂದು ಜೊತೆ ಚಪ್ಪಲಿ

ನಮ್ಮ ಕಡೆ ಹೆಂಗಸೊಬ್ಬಳು ಒಬ್ಬಳೇ ದೂರದ ಬಸ್ಸು ಹತ್ತಿದಳೆಂದರೆ ಯಾರದೋ ಬಾಣಂತನ ಇರಬೇಕು, ಇಲ್ಲವೇ ಯಾರೋ ಆಸ್ಪತ್ರೆ ಸೇರಿರಬೇಕು. ಸುಮ್ಮನೆ ಹೋಗಿಬರುವುದು ಎಂಬ ಕಾರಣವನ್ನು ಯಾರೂ ಒಪ್ಪುವುದಿಲ್ಲ. ಐವತ್ತೆರಡು ವರ್ಷ ನಾನೂ ಒಪ್ಪಿರಲಿಲ್ಲ. ನ್ಯಾಮತಿಯಲ್ಲಿ ಊರ ಹೆಂಗಸರ ರವಿಕೆ ಹೊಲಿಯುತ್ತಾ, ಅವರು ಹೋಗಿಬಂದ ಊರುಗಳ ಕಥೆ ಕೇಳುತ್ತಾ, ಸಮುದ್ರವನ್ನು ಮೊಬೈಲಿನಲ್ಲೇ ನೋಡಿಕೊಂಡಿದ್ದೆ. ಈ ವರ್ಷ ಮಾತ್ರ ಹಟ ಬಂತು. ಒಂದೇ ಒಂದು ದಿನ, ಯಾರ ಊಟವಾಯಿತೆಂದು ಕೇಳದೆ, ಯಾರ ಸಾಮಾನನ್ನೂ ಹುಡುಕಿಕೊಡದೆ, ನಾನೊಬ್ಬಳೇ ಹೋಗಿ ಸಮುದ್ರದಲ್ಲಿ ಕಾಲಿಟ್ಟು ಬರಬೇಕು. ಯಜಮಾನರಿಗೆ ಹೇಳಿದೆ. ಅವರದು ಪೇಟೆಯಲ್ಲಿ ಹಗ್ಗ, ಮೊಳೆ, ಬೀಗದ ಅಂಗಡಿ. ಮಾತನ್ನೂ ತೂಕ ಮಾಡಿಯೇ ಕೊಡುತ್ತಾರೆ. “ಒಬ್ಬಳೇ?” ಎಂದರು. “ಒಬ್ಬಳೇ” ಎಂದೆ. “ಹಂಗಾದ್ರೆ ಹೋಗಿ ಬಾ” ಎಂದು ಮೊಳೆಯ ಡಬ್ಬಿಯ ಕಡೆ ತಿರುಗಿದರು. ಇಷ್ಟು ಸಲೀಸಾಗಿ ಬಿಟ್ಟರಲ್ಲ ಎಂದು ನನಗೆ ಸ್ವಲ್ಪ ಬೇಜಾರೇ ಆಯಿತು.

ನಸುಕಿನಲ್ಲೆದ್ದು ಬುತ್ತಿ ಕಟ್ಟಿದೆ. ಒಬ್ಬಳಿಗೆಂದು ಅಡುಗೆ ಮಾಡಿ ಗೊತ್ತಿಲ್ಲದ ಕೈ, ಹದಿನೆಂಟು ರೊಟ್ಟಿ ತಟ್ಟಿತು. ಬಸ್ಸು ಸವಳಂಗಕ್ಕೆ ಬಂದಾಗ ನನ್ನ ಹಳೇ ಗಿರಾಕಿಯೊಬ್ಬರು ಹತ್ತಿ ಪಕ್ಕದಲ್ಲಿ ಕೂತರು. “ಒಬ್ರೇ ಹೊಂಟೀರಲ್ಲ, ಯಾರಿಗೆ ಹುಷಾರಿಲ್ರೀ?” ಎಂದರು. “ಎಲ್ರೂ ಚೆನ್ನಾಗವ್ರೆ. ಸಮುದ್ರ ನೋಡಾಕೆ ಹೊಂಟೀನಿ” ಎಂದೆ. ಅವರ ಮುಖ ಬಾಡಿತು. ನನ್ನ ಕೈ ಹಿಡಿದುಕೊಂಡು, “ಮನ್ಯಾಗೆ ಏನಾರ ಮಾತು ಬಂತೇನ್ರೀ? ಎಲ್ಲಾರ ಮನೆ ದೋಸೇನೂ ತೂತೇ. ದುಡುಕಬ್ಯಾಡ್ರಿ” ಎಂದರು. ಶಿವಮೊಗ್ಗ ಬರುವವರೆಗೂ ಕೈ ಬಿಡಲಿಲ್ಲ. ಹೊನ್ನಾವರದ ಬಸ್ಸು ಹತ್ತುವಾಗಲೂ ಕಿಟಕಿಯ ಬಳಿ ನಿಂತು, ಸಂಜೆ ಫೋನ್ ಮಾಡುತ್ತೇನೆಂದು ಆಣೆ ಹಾಕಿಸಿಕೊಂಡರು.

ಹೊನ್ನಾವರದಲ್ಲಿ ಇಳಿದು, ಆಟೋ ಹಿಡಿದು, ದಂಡೆಗೆ ಹೋಗಿ ನಿಂತೆ. ಮೊಬೈಲಿನಲ್ಲಿ ಸಮುದ್ರಕ್ಕೆ ಅಷ್ಟು ಸದ್ದಿರಲಿಲ್ಲ. ನನಗೆ ನಗು ಬಂತು, ಆಮೇಲೆ ಯಾಕೋ ಅಳುವೂ ಬಂತು. ಕಣ್ಣೊರೆಸಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಇನ್ನೇನು ನೀರಿಗಿಳಿಯಬೇಕು, “ಏನವ್ವಾ, ನಮ್ಮ ಕಡೆಯೋಳು ಇದ್ದಂಗೈತೆ!” ಎಂಬ ದನಿ ಕೇಳಿತು. ಟೆಂಪೋ ಮಾಡಿಕೊಂಡು ಬಂದಿದ್ದ ಜಗಳೂರಿನ ಕುಟುಂಬ; ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಹನ್ನೊಂದು ಜನ. ನಾನು ರೊಟ್ಟಿಯ ಸುದ್ದಿ ಬಾಯಿಬಿಟ್ಟೆನೋ, ಅವರೇ ವಾಸನೆ ಹಿಡಿದರೋ, ಬುತ್ತಿ ಬಿಚ್ಚಿತು, ಖಾಲಿಯೂ ಆಯಿತು. ಕೈ ತೊಳೆದ ಅಜ್ಜಿ, “ನಾವು ನೀರಿಗಿಳಿದು ಬರ್ತೀವಿ. ಚಪ್ಲಿ, ಬ್ಯಾಗು ಒಂಚೂರು ನೋಡ್ಕಂತಿರು” ಎಂದರು. ಇಲ್ಲ ಎನ್ನಬೇಕಿತ್ತು. “ಅದಕ್ಕೇನು, ಹೋಗಿ ಬರ್ರಿ” ಎಂದಿತು ನನ್ನ ಹಾಳು ಬಾಯಿ.

ಸಾಮಾನು ಎಲ್ಲಿಡುವುದೆಂಬ ಮಾತು ಬಂತು. ನನ್ನ ತವರು ಚನ್ನಗಿರಿ ಕಡೆಯ ನಾಲೆಯ ದಂಡೆ. ನಾಲೆಗೆ ನೀರು ಬಿಡುವ ಮುಂಚೆ ಊರಿಗೆಲ್ಲ ಗೊತ್ತಾಗುತ್ತದೆ; ಬಿಟ್ಟ ಮೇಲೆ ಅದು ತನ್ನ ಗೆರೆ ದಾಟುವುದಿಲ್ಲ. ನೀರಿನಿಂದ ಗೇಣು ದೂರದಲ್ಲಿ ಬಟ್ಟೆ ಇಟ್ಟು ಊಟ ಮಾಡಿ ಬಂದರೂ ಒಣಗಿಕೊಂಡೇ ಇರುತ್ತದೆ. ಆ ಧೈರ್ಯದಲ್ಲಿ ಒಣ ಮರಳಿನ ಅಂಚು ತೋರಿಸಿ, “ನಾಲೆ ದಂಡ್ಯಾಗೆ ಬೆಳೆದೋಳು ನಾನು. ಇಲ್ಲಿಗಂಟ ನೀರು ಬರಾಕಿಲ್ಲ, ಇಡ್ರಿ” ಎಂದೆ. ಅಜ್ಜಿ ಮನೆಯವರ ಕಡೆ ತಿರುಗಿ, “ನೀರಿನ ಸೀಮ್ಯೋಳು, ಆಕಿಗೆ ಗೊತ್ತಿರ್ತೈತೆ” ಎಂದರು. ಹನ್ನೊಂದು ಜೊತೆ ಚಪ್ಪಲಿಯನ್ನು ಸಾಲಾಗಿ ಜೋಡಿಸಿದೆ. ಕಳ್ಳರು ಬಂದರೆ ರಸ್ತೆಯ ಕಡೆಯಿಂದಲೇ ತಾನೆ ಎಂದು ಸಮುದ್ರಕ್ಕೆ ಬೆನ್ನು ಹಾಕಿ ಕೂತೆ. ಐವತ್ತೆರಡು ವರ್ಷ ಕಾದು ನೋಡಲು ಬಂದ ಸಮುದ್ರಕ್ಕೆ!

ಬೆನ್ನಿಗೆ ತಣ್ಣಗಾದಾಗ ಎದ್ದೆ. ಬ್ಯಾಗುಗಳನ್ನು ಬಾಚಿ ಮೇಲೆಸೆದೆ. ಚಪ್ಪಲಿಗಳು ಆಗಲೇ ಹೊರಟಿದ್ದವು. “ಅಯ್ಯೋ ನಿಲ್ರೋ!” ಎಂದು ಚಪ್ಪಲಿಗಳಿಗೇ ಕೂಗುತ್ತಾ ನೀರಿಗೆ ನುಗ್ಗಿದೆ. ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತದೆ. ಎರಡನ್ನೂ ಕಂಕುಳಲ್ಲಿ ಇಟ್ಟುಕೊಂಡರೆ ಅಲೆ ಬಂದು ನನ್ನನ್ನೇ ಕೆಡವುತ್ತದೆ. ಮೂಗು ಬಾಯಿಗೆಲ್ಲ ಉಪ್ಪು. ಹನ್ನೊಂದು ಜನವೂ ಓಡಿ ಬಂದರು, ಬೈಯಲು ಅಂದುಕೊಂಡೆ. ನನ್ನನ್ನು ಎತ್ತಿ ನಿಲ್ಲಿಸಿ ನಗತೊಡಗಿದರು. “ನಾಲೆ ಅಲ್ಲವ್ವಾ ಇದು!” ಎಂದು ಅಜ್ಜಿ ನನ್ನ ತಲೆ ಒರೆಸಿದರು. ಮೂರು ಜೊತೆ ಹೋಗೇ ಹೋದವು, ಅಜ್ಜಿಯದೂ ಸೇರಿ. ಆದರೆ ಕೈ ಕೈ ಹಿಡಿದು ಮತ್ತೆ ಅಲೆಗೆ ಎದುರಾಗಿ ನಿಂತಾಗ ನಕ್ಕಷ್ಟು ನಾನು ಈ ವರ್ಷವೆಲ್ಲ ನಕ್ಕಿರಲಿಲ್ಲ.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತಾ ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಅಜ್ಜಿಯ ಮೊಮ್ಮಗಳು ಕಳಿಸಿದ ಫೋಟೋ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು, ಫೋಟೋದಲ್ಲಿದ್ದ ಹನ್ನೆರಡು ಜನರನ್ನು ಬಿಟ್ಟು ಹಿಂದಿನ ನೀರನ್ನೇ ಬೆರಳಿನಿಂದ ದೊಡ್ಡದು ಮಾಡಿ ನೋಡಿದರು. ಬಹಳ ಹೊತ್ತು ನೋಡಿದರು. “ನಾನೂ ನೋಡಿಲ್ಲ ಇದನ್ನ” ಎಂದರು.

“ಮೊದ್ಲೇ ಹೇಳಾಕೇನಾಗಿತ್ತು?”

“ನೀ ಒಬ್ಬಳೇ ಹೋಗ್ಬೇಕಂದ್ಯಲ್ಲ, ಅದಕ್ಕೆ ಸುಮ್ನಿದ್ದೆ.”

ಇಪ್ಪತ್ತೊಂಬತ್ತು ವರ್ಷ ಒಂದೇ ಮನೆಯಲ್ಲಿದ್ದೂ ಸಮುದ್ರ ನೋಡಿದ್ದೀರಾ ಎಂದು ನಾನು ಈ ಮನುಷ್ಯನನ್ನು ಕೇಳಿರಲಿಲ್ಲ. ಆದರೆ ಹಿಡಿದ ಹಟವನ್ನು ಅಷ್ಟು ಬೇಗ ಬಿಡುವವಳು ನಾನಲ್ಲ. ಮುಂದಿನ ಸಲ ಒಬ್ಬಳೇ ಹೋಗುವಾಗ ಇವರನ್ನೂ ಕರೆದುಕೊಂಡು ಹೋಗುವುದೆಂದು ತೀರ್ಮಾನಿಸಿದ್ದೇನೆ.