ಸಂಪಿಗೆ ಸುರಿದ ಸಮುದ್ರ

ತುಮಕೂರಿಗೆ ಸಮುದ್ರವನ್ನು ತಂದೇ ತರುತ್ತೇನೆ ಎಂದು ನಾನು ಘೋಷಿಸಿದ್ದು ಒಂದು ಭಾನುವಾರ ಮಧ್ಯಾಹ್ನ, ಮುದ್ದೆ ಮುರಿಯುತ್ತಾ. ಈ ಊರಿಗೆ ಹೇಮಾವತಿ ಬಂದಳು, ಕಾರ್ಖಾನೆಗಳು ಬಂದವು, ಮೇಲ್ಸೇತುವೆ ಬಂತು. ಸಮುದ್ರ ಮಾತ್ರ ಘಟ್ಟದ ಆಚೆಗೇ ನಿಂತುಬಿಟ್ಟಿತ್ತು. ಈ ಅನ್ಯಾಯವನ್ನು ಸರಿಪಡಿಸಲು ಒಬ್ಬ ಗಂಡಸು ಬೇಕಿತ್ತು. ಅವನು ಆಗ ಊಟಕ್ಕೆ ಕೂತಿದ್ದ.

"ಎಲ್ಲಿಡ್ತೀರಾ ಅದನ್ನ?" ಎಂದು ನನ್ನ ಹೆಂಡತಿ ಮಾನಸಾ ಕೇಳಿದಳು.

"ಹಾಲ್‌ನಲ್ಲಿ, ಟಿ.ವಿ. ಪಕ್ಕ."

"ಸರಿ. ಸೋಫಾನ ಸಮುದ್ರದ ದಡಕ್ಕೆ ಎಳ್ಕೊಂಡ್ರಾಯ್ತು ಬಿಡಿ."

ನಾನು ವಸಂತನರಸಾಪುರದ ಕಾರ್ಖಾನೆಯೊಂದರ ಪರ್ಚೇಸ್ ವಿಭಾಗದಲ್ಲಿದ್ದೇನೆ. ನಮ್ಮ ಎಂ.ಡಿ. ತಮ್ಮ ಕೋಣೆಯ ಮುಂದೆ ಗೋಡೆಯುದ್ದದ ಗಾಜಿನ ತೊಟ್ಟಿ ಇಡಿಸಿದ್ದರು. ಒಳಗೆ ಉಪ್ಪುನೀರು, ಜೀವಂತ ಹವಳ, ಅದರ ಸಂದಿಯಲ್ಲಿ ಕಿತ್ತಳೆ ಬಣ್ಣದ ಮೀನು. ಸಹಿ ಹಾಕಿಸಲು ಹೋದವನು ಫೈಲು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ನಟ್ಟು ಬೋಲ್ಟಿನಿಂದ ಬಾಯ್ಲರಿನವರೆಗೆ ಕೊಂಡು ಪಳಗಿದ ನನಗೆ ಒಂದು ಸಮುದ್ರ ಯಾವ ಮಹಾ!

ದುಂಡು ಬಟ್ಟಲಲ್ಲಿ ಗೋಲ್ಡ್ ಫಿಶ್ ಬಿಟ್ಟು ಕಡ್ಲೇಪುರಿ ಹಾಕುವಂಥ ಕೆಲಸ ಇದಲ್ಲ. ಅಲೆ ಎಬ್ಬಿಸಲು ಒಂದು ಯಂತ್ರ ಬೇಕು. ಕೊಳೆಯನ್ನು ನೊರೆ ಮಾಡಿ ತೆಗೆಯಲು ಇನ್ನೊಂದು. ಹವಳಕ್ಕೆ ಬಿಸಿಲೆಂದು ನಂಬಿಸಲು ನೀಲಿ ದೀಪ, ಉಪ್ಪಿನ ಪ್ರಮಾಣ ನೋಡಲು ಮೀಟರು, ಕರೆಂಟು ಹೋದರೆ ಯು.ಪಿ.ಎಸ್., ನಮ್ಮೂರ ಬೇಸಿಗೆಗೆ ನೀರು ತಣ್ಣಗಿಡಲು ಚಿಲ್ಲರ್. ಚಿಲ್ಲರ್ ಎಂದರೆ ಮೀನಿನ ಎ.ಸಿ. ಎಂದು ವಿವರಿಸಿದಾಗ ಮಾನಸಾ ತಲೆಯೆತ್ತಿ ನಮ್ಮ ಮನೆಯ ಫ್ಯಾನಿನ ಕಡೆ ನೋಡಿದಳು. ಅದು ಕಟಕಟ ಎನ್ನುತ್ತಾ ತಿರುಗುತ್ತಿತ್ತು. ನಾನು ಮಾತು ಬದಲಿಸಿದೆ.

ಈ ಹೊತ್ತಿಗೆ ಮನೆಯಲ್ಲಿ ಇನ್ನೊಂದು ಯೋಜನೆಯೂ ನಡೆಯುತ್ತಿತ್ತು. ನಮ್ಮ ಅತ್ತೆ ಚಿಕ್ಕಗಂಗಮ್ಮನವರು ಚೇಳೂರಿನಿಂದ ಬಂದು ನಮ್ಮಲ್ಲಿದ್ದರು. ಎರಡೂ ಕಣ್ಣಿಗೆ ಪೊರೆ. ಎದುರಿಗೆ ಬಂದವರನ್ನು ಧ್ವನಿಯಿಂದಲೇ ಗುರುತಿಸುತ್ತಿದ್ದರು. ಆಪರೇಷನ್‌ಗೆ ದಿನ ಗೊತ್ತಾಗಿತ್ತು, ಆದರೆ ಬಿ.ಪಿ. ಇಳಿದರೆ ಮಾತ್ರ ಎಂದು ಡಾಕ್ಟರು ಹೇಳಿದ್ದರು. ಇಳಿಯಬೇಕಾದರೆ ಉಪ್ಪು ಬಿಡಬೇಕು. ಮಾನಸಾ ಒಂದು ತೀರ್ಮಾನಕ್ಕೆ ಬಂದರೆ ಅರ್ಧಕ್ಕೆ ಬಿಡುವವಳಲ್ಲ. ಅಮ್ಮನೊಬ್ಬಳೇ ಸಪ್ಪೆ ತಿನ್ನುವುದು ಬೇಡ, ಎಲ್ಲರೂ ತಿನ್ನೋಣ ಎಂದು ಉಪ್ಪಿನ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಮನೆಯಲ್ಲಿ ಒಡವೆ ಹೊರಗೆ, ಉಪ್ಪು ಒಳಗೆ.

ಅತ್ತೆ ಜಗಳವಾಡಲಿಲ್ಲ. ತಟ್ಟೆಯ ಮುಂದೆ ಕೂತು, ಸಾರಿನಲ್ಲಿ ಬೆರಳಾಡಿಸಿ, "ಸಾಕು ಕಣವ್ವ" ಎಂದು ಏಳುತ್ತಿದ್ದರು. ದಿನೇ ದಿನೇ ಇಳಿದು ಹೋದರು. ಅದನ್ನು ನೋಡಿದರೆ ನನಗೂ ಸಂಕಟವಾಗುತ್ತಿತ್ತು. ಆದರೆ ನಿಜ ಹೇಳುತ್ತೇನೆ, ಆ ಸಂಕಟವನ್ನೂ ನನ್ನ ಸಮುದ್ರಕ್ಕೆ ಬಳಸಿಕೊಂಡೆ. ಕಣ್ಣಿನ ಪಟ್ಟಿ ಬಿಚ್ಚಿದ ಕೂಡಲೇ ಅತ್ತೆ ಮೊದಲು ನೋಡುವುದು ಬಣ್ಣದ ಮೀನಾಗಿರಲಿ ಎಂದು ಮಾನಸಾಳ ಮುಂದೆ ಗದ್ಗದಿತನಾಗಿ ಹೇಳಿದೆ. ಅವಳು ಅಲ್ಲಿಗೆ ಸೋತಳು. ಅತ್ತೆ ಮಾತ್ರ, "ತಿನ್ನಕ್ಕಾ?" ಎಂದು ಕೇಳಿದರು.

ಸಾಮಾನು ಒದಗಿಸುವವನು ಅಕ್ವೇರಿಯಂ ಅಂಗಡಿಯ ಶಾಬಾಜ್. ಅವನಿಗೂ ಇದು ಮೊದಲ ಸಮುದ್ರ. ನನಗಿಂತ ಅವನ ಉತ್ಸಾಹವೇ ಹೆಚ್ಚು. ಫೋನಿನಲ್ಲಿ ಅವನು ಒಂದೊಂದೇ ಸಾಮಾನಿನ ಹೆಸರು ಓದುತ್ತಾ, ಸಂಪು ಎಂದ.

"ಸಂಪು ಬೇಡ. ನಮ್ಮನೇಲಿದೆ" ಎಂದೆ.

"ಇದೆಯಾ ಸಾರ್? ದೊಡ್ಡದಾ?"

"ಬಂದು ನೋಡು ಬೇಕಾದ್ರೆ. ಒಳಗೆ ಇಳಿದು ನಿಲ್ಲಬಹುದು."

ಅತ್ತ ಕಡೆ ಅವನು ಬೆರಗಾದ. ಸಾರ್ ಬೆಂಗಳೂರಲ್ಲೇ ಮಾಡಿಸಿರಬೇಕು ಎಂದುಕೊಂಡನಂತೆ. ನನಗೋ ಹೆಮ್ಮೆ. ಮನೆ ಮುಂದೆ, ಗೇಟಿನ ಒಳಗೆ, ಕಬ್ಬಿಣದ ಮುಚ್ಚಳದ ಕೆಳಗೆ ಅಷ್ಟು ದೊಡ್ಡ ಸಂಪಿರುವಾಗ ಇನ್ನೊಂದನ್ನು ಕೊಳ್ಳಲು ನಾನೇನು ಪರ್ಚೇಸ್ ವಿಭಾಗದಲ್ಲಿ ಸುಮ್ಮನೆ ಕೂದಲು ಬೆಳ್ಳಗೆ ಮಾಡಿಕೊಂಡವನೇ?

ಗಾಜಿನ ತೊಟ್ಟಿಗಿಂತ ಮೊದಲೇ ಉಪ್ಪಿನ ಬಕೆಟ್ ಬಂತು. ಅಡುಗೆ ಉಪ್ಪಲ್ಲ, ಹವಳಕ್ಕೆಂದೇ ಮಾಡಿದ್ದು. ಬಕೆಟ್ಟಿನ ಮೇಲೆ ಮೀನಿನ ಚಿತ್ರ. ಏನು ಮಾಡಲಿ ಎಂದು ಶಾಬಾಜ್‌ಗೆ ಫೋನ್ ಮಾಡಿದೆ.

"ಟ್ಯಾಂಕ್ ಬರೋದ್ರೊಳಗೆ ನೀರು ರೆಡಿ ಇರ್ಲಿ ಸಾರ್. ಪೂರ್ತಿ ಬಕೆಟ್ ಸಂಪಿಗೆ ಹಾಕ್ಬಿಡಿ, ಪಂಪ್ ಬಿಟ್ಟಿರಿ. ಮೇಲಿನ ಟ್ಯಾಂಕಿಗೆ ಅಲ್ಲಿಂದಾನೇ ಹೋಗೋದು."

ಹೂವಿನ ಸಂಪಿಗೆಯಲ್ಲ, ನೀರಿನ ಸಂಪಿಗೆ. ಅಷ್ಟು ಮಟ್ಟಿಗೆ ನನಗೆ ಅರ್ಥವಾಯಿತು. ನಮ್ಮ ಮನೆಗೆ ಬೋರ್‌ವೆಲ್ ಇದೆ. ಎಲ್ಲ ನಲ್ಲಿಗೂ ಬೋರಿನ ನೀರೇ ಬರುತ್ತದೆ, ಸಂಪಿನಲ್ಲಿರುವ ಹೇಮಾವತಿ ನೀರೂ ಮಾಳಿಗೆ ಮೇಲಿನ ಅದರ ಬೇರೆ ಟ್ಯಾಂಕೂ ಬೋರು ಕೈಕೊಟ್ಟ ದಿನಕ್ಕೆಂದು ತೆಪ್ಪಗೆ ಕೂತಿರುತ್ತವೆ ಎಂದು ನಾನು ಗೃಹಪ್ರವೇಶದಿಂದ ನಂಬಿಕೊಂಡು ಬಂದಿದ್ದೆ. ಅಮ್ಮ ಮಗಳು ಸಂತೆಗೆ ಹೋಗಿದ್ದರು. ಮುಚ್ಚಳ ಎತ್ತಿ, ಬಕೆಟ್ಟನ್ನು ಭಕ್ತಿಯಿಂದ ಬಗ್ಗಿಸಿ, ತೆಂಗಿನಕಾಯಿ ಕೀಳುವ ಗಳುವಿನಿಂದ ಚೆನ್ನಾಗಿ ಕದಡಿ, ಮೋಟಾರ್ ಹಾಕಿದೆ. ಸಮುದ್ರ ಮೇಲೇರುವ ಸದ್ದು ಕೇಳಿ ಮೈ ಜುಮ್ಮೆಂದಿತು.

ಆ ರಾತ್ರಿಯ ಸಾರು ಅದ್ಭುತವಾಗಿತ್ತು.

ನಾನು ಒಂದು ತುತ್ತಿಗೇ ಬೆಚ್ಚಿದೆ. ಹೆಚ್ಚಿಲ್ಲ, ಕಡಿಮೆಯಿಲ್ಲ, ನಾಲಿಗೆಗೆ ಬೇಕಾದಷ್ಟೇ ಉಪ್ಪು. ಮಾನಸಾಳ ಮನಸ್ಸು ಕರಗಿದೆ, ಸೋತೆನೆಂದು ಬಾಯಿಬಿಟ್ಟು ಹೇಳಲಾರದೆ ಚಿಟಿಕೆ ಹಾಕಿದ್ದಾಳೆ ಎಂದುಕೊಂಡೆ. ಕೇಳಿದರೆ ನಾಳೆ ಅದೂ ನಿಲ್ಲುತ್ತದೆ. ಸುಮ್ಮನಿದ್ದೆ. ಮಾನಸಾ ಒಂದು ತುತ್ತು ತಿಂದು ಅಮ್ಮನ ಕಡೆ ಅನುಮಾನದಿಂದ ನೋಡಿದಳು. ಅಮ್ಮ ಎಲ್ಲೋ ಉಪ್ಪು ಬಚ್ಚಿಟ್ಟುಕೊಂಡು, ಒಲೆಯ ಹತ್ತಿರ ಯಾರೂ ಇಲ್ಲದಾಗ ಪಾತ್ರೆಗೆ ಹಾಕುತ್ತಿದ್ದಾಳೆ ಎಂಬುದು ಅವಳ ಲೆಕ್ಕ. ಕಣ್ಣು ಕಾಣದ ತಾಯಿಯನ್ನು ಕಳ್ಳಿ ಎನ್ನುವುದು ಹೇಗೆ? ಅವಳೂ ಸುಮ್ಮನಿದ್ದಳು. ಅತ್ತೆ ತಲೆಯೆತ್ತದೆ ಎರಡನೇ ಸಲ ಅನ್ನ ಹಾಕಿಸಿಕೊಂಡರು. ಹೀಗೆ ಮೂವರೂ ಒಬ್ಬರ ಗುಟ್ಟನ್ನು ಇನ್ನೊಬ್ಬರು ಕಾಪಾಡುತ್ತಾ, ಆ ವಾರವೆಲ್ಲ ಹೊಟ್ಟೆ ತುಂಬಾ ಉಂಡೆವು. ಕುಡಿಯಲು, ಕಾಫಿಗೆ ಕ್ಯಾನಿನ ನೀರು. ಹಾಗಾಗಿ ನಾಲಿಗೆಗೆ ಬೇರೆ ಯಾವ ಸುಳಿವೂ ಸಿಗಲಿಲ್ಲ.

ಅತ್ತೆಯ ಮುಖಕ್ಕೆ ಕಳೆ ಬಂತು. ಕಳೆಯ ಜೊತೆ ಬಿ.ಪಿ.ಯೂ ಬಂತು. ಆಪರೇಷನ್‌ಗೆ ಮುಂಚಿನ ತಪಾಸಣೆಗೆ ಹೋದಾಗ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ನೋಡಿದರು, ಬಿಚ್ಚಿ ಮತ್ತೆ ಸುತ್ತಿದರು. ಮೊದಲಿಗಿಂತ ಜಾಸ್ತಿ. ಈಗ ಕಣ್ಣು ಮುಟ್ಟುವಂತಿಲ್ಲ, ಮುಂದಕ್ಕೆ ಹಾಕೋಣ ಎಂದರು. ಮಾನಸಾ ಅಲ್ಲೇ ಕೇಳಿಬಿಟ್ಟಳು. "ಅಮ್ಮ, ಉಪ್ಪು ಎಲ್ಲಿ ಬಚ್ಚಿಟ್ಟಿದೀಯ?"

ಅತ್ತೆ ಬಾಯಿ ತೆರೆದರು. ಏನೋ ಹೇಳಲು ಹೊರಟವರು ನನ್ನ ಕಡೆ ತಿರುಗಿ, ತಟ್ಟನೆ ಮುಚ್ಚಿಕೊಂಡರು. ಆಟೋದಲ್ಲಿ ಮಾನಸಾ ದಾರಿಯುದ್ದಕ್ಕೂ ಅತ್ತಳು. ಅತ್ತೆ ಮಡಿಲಲ್ಲಿ ಕೈಯಿಟ್ಟುಕೊಂಡು ಅಪರಾಧಿಯಂತೆ ಕೂತಿದ್ದರು. ವಯಸ್ಸಾದ ಮೇಲೆ ಬಾಯಿಚಪಲ ಹೆಚ್ಚುತ್ತದೆ ಪಾಪ ಎಂದು ನಾನು ಮನಸ್ಸಿನಲ್ಲೇ ಅವರನ್ನು ಕ್ಷಮಿಸಿದೆ. ನನ್ನ ದೊಡ್ಡತನಕ್ಕೆ ನನಗೇ ಕಣ್ಣು ತುಂಬಿತು.

ಮನೆಗೆ ಬಂದರೆ ಗೇಟಿನ ಮುಂದೆ ಗಾಡಿ ನಿಂತಿತ್ತು. ಗೋಣಿಚೀಲ ಸುತ್ತಿದ ಗಾಜಿನ ತೊಟ್ಟಿ ಬಂದಿತ್ತು, ಜೊತೆಗೆ ಶಾಬಾಜ್. "ಸಾರ್, ಮೊದಲು ನಿಮ್ಮ ಸಂಪು ತೋರಿಸಿ" ಎಂದ. ಅಂಥ ದೊಡ್ಡ ಸಂಪನ್ನು ನೋಡಲು ಅವನು ಕಾದಿದ್ದ. ನಾನು ಠೀವಿಯಿಂದ ಮುಚ್ಚಳ ಎತ್ತಿದೆ.

ಶಾಬಾಜ್ ಬಗ್ಗಿ ನೋಡಿದ. ನನ್ನ ಮುಖ ನೋಡಿದ. ಮತ್ತೆ ಬಗ್ಗಿ ನೋಡಿದ.

"ಸಾರ್, ಇದು ಮನೆ ಸಂಪು."

"ಹೌದು, ಮನೆಯದೇ."

"ಅಲ್ಲ ಸಾರ್. ಅಕ್ವೇರಿಯಂ ಸಂಪ್ ಅಂದ್ರೆ ಗಾಜಿನ ಬಾಕ್ಸು. ಟ್ಯಾಂಕ್ ಕೆಳಗೆ, ಸ್ಟ್ಯಾಂಡ್ ಒಳಗೆ ಇರುತ್ತೆ." ಆಮೇಲೆ ತೀರ ಮೆಲ್ಲಗೆ ಕೇಳಿದ. "ಉಪ್ಪು ಎಲ್ಲಿ ಹಾಕಿದ್ರಿ?"

ನಾನು ಬೆರಳು ತೋರಿಸಿದೆ. ಮಾನಸಾ ಬಂದು ಕೈ ಅದ್ದಿ ನಾಲಿಗೆಗೆ ಹಚ್ಚಿಕೊಂಡಳು. ಅವಳ ಮುಖ ನೋಡಿ ಶಾಬಾಜ್ ಗಾಡಿಯ ಹಗ್ಗ ಸರಿಮಾಡುವ ನೆಪದಲ್ಲಿ ಆಚೆ ಹೋದ.

"ನಮ್ಮನೆ ಅಡುಗೆಗೆ ಯಾವ ನೀರು ಬಳಸ್ತೀವಿ ಅಂತ ಗೊತ್ತಾ ನಿಮಗೆ?" ಅವಳ ಧ್ವನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು.

"ಬೋರು..."

"ಬೋರ್ ನೀರಲ್ಲಿ ಬೇಳೆ ಬೇಯಲ್ಲ ರೀ. ಅಡುಗೆಮನೆ ನಲ್ಲಿಗೆ ಮೊದಲಿಂದಾನೂ ಸಂಪಿನ ನೀರೇ. ಮೀನಿಗೆ ಎಂಥ ನೀರು ಬೇಕು ಅಂತ ಅಷ್ಟೆಲ್ಲ ಓದಿದ್ರಲ್ಲ, ಒಂದ್ ಸಲ ಅಡುಗೆಮನೆಗೆ ಬಂದು ಕೇಳ್ಬಾರ್ದಿತ್ತಾ? ನಾನು ನಮ್ಮಮ್ಮನ್ನ ಡಾಕ್ಟರ ಮುಂದೆ ಕಳ್ಳಿ ಅಂದ್ಬಿಟ್ಟೆ."

ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅದು ಬಾಯಿಬಿಟ್ಟೇ ಇತ್ತು, ಮುಚ್ಚಳ ತೆಗೆದವನು ನಾನೇ. ಆದರೆ ಒಳಗೆ ಉಪ್ಪುನೀರು.

ಗೋಡೆ ಹಿಡಿದುಕೊಂಡು ಅತ್ತೆ ಜಗುಲಿಗೆ ಬಂದಿದ್ದರು. "ಅವ್ರನ್ನ ಬೈಬ್ಯಾಡ ಕಣೇ" ಎಂದರು. "ಅಳಿಯಂದ್ರು ಉಪ್ಪು ಹಾಕವ್ರೆ ಅಂತ ನಂಗೆ ಮೊದಲ್ನೇ ತುತ್ತಿಗೇ ಗೊತ್ತಾಯ್ತು. ನಾನು ಉಣ್ಣಾಕಿಲ್ಲ ಅಂತ ನೋಡಿ, ಕರುಳು ಚುರ್ ಅಂದು, ಕದ್ದು ಹಾಕವ್ರೆ. ಹೇಳಿದ್ರೆ ನೀನು ಅವ್ರ ಮೇಲೆ ಹಾರಾಡ್ತೀಯ ಅಂತ ಸುಮ್ಕಿದ್ದೆ."

ಆಸ್ಪತ್ರೆಯಲ್ಲಿ ಅವರು ಬಾಯಿ ಮುಚ್ಚಿಕೊಂಡದ್ದು ಯಾಕೆಂದು ಆಗ ತಿಳಿಯಿತು. ಮಗಳಿಂದ ಕಳ್ಳಿ ಎನ್ನಿಸಿಕೊಂಡರು, ನನ್ನ ಹೆಸರು ಹೇಳಲಿಲ್ಲ. ಹೂಂ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು, ಅಂಥ ದೊಡ್ಡ ಮನುಷ್ಯನಾಗಿ ಉಳಿಯುತ್ತಿದ್ದೆ. ಆದರೆ ಆ ಮುಖ ನೋಡಿಕೊಂಡು ಸುಳ್ಳು ಬರಲಿಲ್ಲ.

"ಅತ್ತೆ, ಅದು ನಿಮಗೆ ಅಂತ ಹಾಕಿದ್ದಲ್ಲ. ಮೀನಿಗೆ."

"ಮೀನ್ಗಾ? ಎಲ್ಲವೆ ಮೀನು?"

"ಇನ್ನೂ ಬಂದಿಲ್ಲ."

ಅತ್ತೆ ಗೋಡೆ ಬಿಟ್ಟು ನನ್ನ ತೋಳು ಹಿಡಿದುಕೊಂಡರು. ಆಮೇಲೆ ಶಾಬಾಜ್‌ಗೆ ಕೇಳಿಸದ ಹಾಗೆ ತಗ್ಗಿದ ದನಿಯಲ್ಲಿ ಹೇಳಿದರು.

"ಚೇಳೂರಿಗೆ ಫೋನ್ ಮಾಡಿ ನನ್ ತಂಗಿ ರೇವಮ್ಮಂಗೆ ಹೇಳ್ಬುಟ್ಟಿದೀನಿ, ನನ್ ಅಳಿಯನಂಥೋರು ಯಾರ್ಗೂ ಸಿಕ್ಕಾಕಿಲ್ಲ ಅಂತ. ಇಷ್ಟೊತ್ಗೆ ಊರಿಗೆಲ್ಲ ಗೊತ್ತಾಗಿರ್ತದೆ. ಈಗ ಮೀನ್ಗೆ ಅಂದ್ರೆ ನಿಮ್ ಮರ್ವಾದೆ ಏನಾಯ್ತದೆ ಅಳಿಯಂದ್ರೆ? ನಂಗೇ ಹಾಕಿದ್ದು ಅಂತ ಇರ್ಲಿ ಬುಡಿ."