ಅವಳಿಗೇನೂ ಬರಲ್ಲ ಬಿಡಿ

ನಮ್ಮ ಮನೆಯಲ್ಲಿ ಯಾರಾದರೂ ಯಾರನ್ನಾದರೂ ಹೊಗಳಿದರೆ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಅಂಥದ್ದರಲ್ಲಿ ನಮ್ಮನ್ನು ನಾವೇ ಹೊಗಳಿಕೊಳ್ಳುವ ಹಾಡು ಬರೆಯಲು ಹೋದರೆ ಕೇಳಬೇಕೆ.

ಕ್ಯಾಸೆಟ್ಟು ಹೋಗಿ ಸಿ.ಡಿ. ಬರುತ್ತಿದ್ದ ಕಾಲ. ಮೈಸೂರು ಕಡೆಯಿಂದ ಬಂದ ನಾವು ಆಗ ಚೆನ್ನೈನ ಪಲ್ಲಾವರಂನಲ್ಲಿದ್ದೆವು. ಮನೆಯಲ್ಲಿ ನಾನು, ಯಜಮಾನರು, ಅತ್ತೆ, ಒಂಬತ್ತು ವರ್ಷದ ಮಗಳು. ಮೇಲಿನ ಮಹಡಿಯಲ್ಲಿ ತಮಿಳಿನ ಸಂಗೀತ ಮಾಸ್ಟರ್ ಒಬ್ಬರು ಒಂದು ಕೋಣೆಯ ಗೋಡೆಗೆಲ್ಲ ಥರ್ಮಾಕೋಲ್ ಅಂಟಿಸಿ ಸ್ಟುಡಿಯೋ ಮಾಡಿಕೊಂಡಿದ್ದರು. ಮಕ್ಕಳಿಗೆ ಧೈರ್ಯ ತುಂಬುವ ಪಾಪ್ ಹಾಡುಗಳನ್ನು ನಾಲ್ಕು ಭಾಷೆಗಳಲ್ಲಿ ತರಬೇಕು ಅನ್ನುವುದು ಅವರ ಹಟ. ಕನ್ನಡಕ್ಕೆ ಅವರ ಕೈಗೆ ಸಿಕ್ಕವಳು ನಾನು.

ಆ ಧೈರ್ಯ ಮೊದಲು ಬೇಕಾಗಿದ್ದದ್ದು ನನ್ನ ಮಗಳಿಗೇ. ಅವಳು ತರಗತಿಯಲ್ಲಿ ಬಾಯಿ ಬಿಡುವುದಿಲ್ಲವೆಂದು ಆ ವರ್ಷ ಶಾಲೆಯಿಂದ ಮೂರು ಸಲ ಚೀಟಿ ಬಂದಿತ್ತು. ಹಾಡುತ್ತಿದ್ದದ್ದು ಬಚ್ಚಲಲ್ಲಿ ಮಾತ್ರ. ಬಾಗಿಲಾಚೆ ಯಾರಾದರೂ ನಿಂತದ್ದು ಗೊತ್ತಾದರೆ ನಲ್ಲಿಯನ್ನು ಜೋರಾಗಿ ತಿರುಗಿಸಿಬಿಡುತ್ತಿದ್ದಳು.

ಒಂದು: ರಜಾ ಅರ್ಜಿ

ಮಾಸ್ಟರ್ ನನಗೆ ಟ್ಯೂನ್ ಕೇಳಿಸಿ ಅರ್ಥ ಹೇಳಿದರು. "ನಾನು ಚೆನ್ನಾಗಿದ್ದೇನೆ, ನನ್ನಿಂದ ಆಗುತ್ತದೆ, ಅಷ್ಟೇ. ಮಕ್ಕಳು ಎದೆ ಉಬ್ಬಿಸಿ ಹಾಡುವ ಹಾಗಿರಬೇಕು."

ಅಷ್ಟೇ ತಾನೇ ಎಂದು ಬರೆಯಲು ಕೂತೆ. ಎರಡು ದಿನ ಪೆನ್ನು ಮುಂದೆ ಹೋಗಲಿಲ್ಲ. "ನಾನು ಚೆನ್ನಾಗಿದ್ದೇನೆ" ಎಂದು ಬರೆದಾಗಲೆಲ್ಲ ನಮ್ಮ ತಾಯಿ ಬಾಗಿಲಲ್ಲಿ ನಿಂತು ದುರುಗುಟ್ಟಿಕೊಂಡು ನೋಡಿದ ಹಾಗಾಗುತ್ತಿತ್ತು. ಕೊನೆಗೆ ಟ್ಯೂನಿಗೆ ಸರಿಯಾಗಿ ಒಂದು ಪಲ್ಲವಿ ಹೊಂದಿಸಿಕೊಂಡು ಹೋದೆ. ಅರ್ಥ ಏನೆಂದು ಮಾಸ್ಟರ್ ಕೇಳಿದರು. ನನ್ನ ಹರಕು ತಮಿಳಿನಲ್ಲಿ ವಿವರಿಸಿದೆ. "ಗುರುಹಿರಿಯರ ಆಶೀರ್ವಾದದಿಂದ ನಾನು ತಕ್ಕಮಟ್ಟಿಗೆ ಪರವಾಗಿಲ್ಲ. ತಪ್ಪಿದ್ದರೆ ದೊಡ್ಡವರು ತಿದ್ದಬೇಕು."

ಮಾಸ್ಟರ್ ಹಾರ್ಮೋನಿಯಂ ಮುಚ್ಚಿದರು. "ಅಮ್ಮಾ, ನಾನು ಕೇಳಿದ್ದು ಪಾಪ್ ಹಾಡು. ನೀವು ಲೀವ್ ಲೆಟರ್ ತಂದಿದ್ದೀರಿ."

ಎರಡು: ಬಾಯಿ ಮತ್ತು ಕೈ

ನಾಲ್ಕನೇ ಪ್ರಯತ್ನಕ್ಕೆ ಹಾಡು ಕೂತಿತು. "ನಾನು ನಾನೇ, ಇದ್ದ ಹಾಗೇ ಚಂದ, ನನ್ನ ಕೈಲಿ ಆಗುತ್ತೆ." ಬರೆದು ಮುಗಿಸಿದಾಗ ಯಾರದೋ ಮನೆಯ ಒಡವೆ ಹಾಕಿಕೊಂಡಷ್ಟು ಮುಜುಗರವಾಯಿತು.

ಹಾಡಲು ಒಂದು ಮಗು ಬೇಕಿತ್ತು. ನಮ್ಮ ಕನ್ನಡ ಸಂಘದ ಎಂಟು ತಾಯಂದಿರು ಮಕ್ಕಳನ್ನು ಕರೆದುಕೊಂಡು ಬಂದರು. ಯಾರು ಚೆನ್ನಾಗಿ ಹಾಡುತ್ತಾರೆ ಎಂದು ಮಾಸ್ಟರ್ ಕೇಳಿದ್ದೇ ತಡ, ಎಂಟೂ ಬಾಯಿಗಳು ಒಂದೇ ರಾಗ ಎಳೆದವು. "ಅಯ್ಯೋ, ನಮ್ಮವಳಿಗೇನು ಬರುತ್ತೆ. ಸುಮ್ಮನೆ ಏನೋ ಗುನುಗ್ತಾಳೆ." "ನಮ್ಮವನಂತೂ ಕತ್ತೆ ಸರ್, ಅವರ ಮಗನ್ನ ಕೇಳಿ." ಬಾಯಿ ಹೀಗೆ ಹೇಳುತ್ತಿರುವಾಗ ಎಲ್ಲರ ಬಲಗೈ ಮಾತ್ರ ತಂತಮ್ಮ ಮಗುವಿನ ಬೆನ್ನಿಗೆ ಬಿದ್ದು ಮೈಕಿನ ಕಡೆ ತಳ್ಳುತ್ತಿತ್ತು. ಕನ್ನಡ ಬಾರದ ಮಾಸ್ಟರ್‌ಗೆ ಬಾಯಿ ಅರ್ಥವಾಗಲಿಲ್ಲ, ಕೈ ಅರ್ಥವಾಯಿತು. ಎಂಟನ್ನೂ ಕೋರಸ್ಸಿಗೆ ಹಾಕಿಕೊಂಡರು.

ಆಮೇಲೆ ನನ್ನ ಹಿಂದೆ ಅವಿತಿದ್ದ ಮಗಳನ್ನು ನೋಡಿದರು. "ಇವಳ ತುಟಿ ಅಲ್ಲಾಡ್ತಿತ್ತು. ಇವಳು ಹಾಡ್ತಾಳಾ?"

"ಅವಳಿಗೇನೂ ಬರಲ್ಲ ಬಿಡಿ ಮಾಸ್ಟರ್," ಎಂದೆ. ಉಳಿದವರ ಹಾಗೆ ನಾನೂ ವಾಡಿಕೆಗೆ ಹೇಳಿದ್ದು. ಆದರೆ ನನ್ನ ಬಲಗೈ ಅವಳ ಬೆನ್ನಿಗೆ ಹೋಗಿರಲಿಲ್ಲ, ಬ್ಯಾಗು ಹಿಡಿದುಕೊಂಡಿತ್ತು.

ಮಾಸ್ಟರ್ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತರು. ಅವಳು ಎಂದಿನಂತೆ ತಮಿಳಿನಲ್ಲೇ "ತೆರಿಯಾದು" ಎಂದಳು. ಬರುವುದಿಲ್ಲ ಎಂದು ಯಾರು ಹೇಳಿದ್ದು ಎಂದು ಅವರು ಕೇಳಿದರು.

"ಅಮ್ಮ," ಎಂದಳು ಮಗಳು. "ದಿನಾ ಎಲ್ಲರ ಹತ್ತಿರ ಹೇಳ್ತಾರೆ."

ದೃಷ್ಟಿಯಾಗದಿರಲಿ, ಜಂಬ ಬಾರದಿರಲಿ ಎಂದು ನಾನು ಹೇಳಿಕೊಂಡು ಬಂದದ್ದನ್ನು ಈ ಮಗು ಒಂಬತ್ತು ವರ್ಷ ನಿಜವೆಂದೇ ನಂಬಿತ್ತು. ನನಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು. ಅವಳ ಜತೆ ಆ ಹಾಡನ್ನು ಕಲಿಯಬೇಕಾದವಳು ನಾನೂ ಒಬ್ಬಳು ಎಂದು ಆಗ ಹೊಳೆಯಿತು. ಮಾಸ್ಟರ್ ಮಾತ್ರ ತಣ್ಣಗೆ ಹೇಳಿದರು, "ಪರವಾಗಿಲ್ಲ. ಅಮ್ಮನಿಗೆ ಕೋರಸ್ಸಿನಲ್ಲೂ ಜಾಗ ಇಲ್ಲ."

ಮೂರು: ಕೇಬಲ್ಲಿನ ದೋಷ

ಮುಖ್ಯ ದನಿಗೆ ಮಾಸ್ಟರ್ ಮಗಳನ್ನೇ ಆರಿಸಿದರು. ಅಜ್ಜಿ ಜತೆಗಿದ್ದರೆ ಮಾತ್ರ ಹಾಡುತ್ತೇನೆ ಎಂದಳು ಅವಳು. ಸ್ಟುಡಿಯೋದ ಮೂಲೆಯಲ್ಲಿ ಮೈಕಿಗೆಂದು ಮಾಡಿದ್ದ ಗಾಜಿನ ಗೂಡಿನೊಳಗೆ ಅತ್ತೆಯೂ ಸ್ಟೂಲು ಹಾಕಿಕೊಂಡು ಕೂತರು. ಮನೆ ವಿಮಾನ ನಿಲ್ದಾಣದ ಹತ್ತಿರವಾದ್ದರಿಂದ ವಿಮಾನ ಬಂದಾಗಲೆಲ್ಲ ಮಾಸ್ಟರ್ ಕೈಯೆತ್ತಿ ನಿಲ್ಲಿಸಿ, ಅದು ಹೋದ ಮೇಲೆ "ಒನ್ ಮೋರ್" ಎನ್ನುತ್ತಿದ್ದರು. ಒಂದು ದಿನವೂ ಬೈದವರಲ್ಲ. ಹದಿನಾರನೇ ಸಲವೂ ಮೊದಲ ಸಲದಷ್ಟೇ ಮೆತ್ತಗೆ "ಒನ್ ಮೋರ್".

ಕೊನೆಗೊಮ್ಮೆ ಮಗಳು ಕಣ್ಣು ಮುಚ್ಚಿ ಹಾಡಿದಳು. ಹೊರಗಿನ ಸ್ಪೀಕರಿನಲ್ಲಿ ಆ ದನಿ ಬಂದಾಗ ನಾನು ದಂಗಾಗಿ ನಿಂತೆ. ಬಚ್ಚಲಿನ ನೀರಿನ ಸದ್ದಿನ ಹಿಂದೆ ಇಷ್ಟು ದಿನ ಇದಿತ್ತೇ ಎಂದು ಕಣ್ಣು ತುಂಬಿ ಬಂತು.

ಆದರೆ "ಇದ್ದ ಹಾಗೇ ಚಂದ" ಎಂದ ತಕ್ಷಣ ಪಟಪಟ ಎಂದು ಏನೋ ಸಿಡಿದ ಸದ್ದು. ಒನ್ ಮೋರ್. ಮತ್ತೆ ಅದೇ ಜಾಗದಲ್ಲಿ ಪಟಪಟ. ಕೇಬಲ್ಲಿನ ದೋಷವೆಂದು ಮಾಸ್ಟರ್ ಮೂರು ಕೇಬಲ್ ಬದಲಾಯಿಸಿದರು, ಮೈಕು ಬಿಚ್ಚಿ ಒರೆಸಿದರು. ನಾಲ್ಕನೇ ಸಲ ನಾನು ಗಾಜಿನಾಚೆ ನೋಡಿದೆ. ಮೊಮ್ಮಗಳು ತನ್ನನ್ನು ತಾನೇ ಚಂದ ಎಂದುಕೊಂಡಾಗಲೆಲ್ಲ ಅತ್ತೆ ಅವಳ ಮುಖ ನೀವಾಳಿಸಿ, ಎರಡೂ ಕೈ ತಮ್ಮ ಕಣತಲೆಗೆ ಒತ್ತಿ ನೆಟಿಗೆ ಮುರಿಯುತ್ತಿದ್ದರು.

"ಅತ್ತೆ, ಸದ್ದು ರೆಕಾರ್ಡ್ ಆಗ್ತಿದೆ," ಎಂದೆ ಬಾಗಿಲು ತೆಗೆದು.

"ಆಗ್ಲಿ ಬಿಡೇ. ಮಗು ತನ್ನ ಬಾಯಲ್ಲೇ ಅಷ್ಟು ಹೊಗಳ್ಕೊಂಡ್ರೆ ನಾನು ಸುಮ್ನೆ ಕೂತ್ಕೊಳ್ಳೋಕಾಗುತ್ತಾ?"

ಮಾಸ್ಟರ್ ಟೇಪನ್ನು ಹಿಂದಕ್ಕೆ ತಿರುಗಿಸಿ ಎರಡು ಸಲ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ತಾಳ ತಪ್ಪಿಲ್ಲ, ಇರಲಿ," ಎಂದರು. ಆ ಹಾಡಿನ ಕನ್ನಡ ಕ್ಯಾಸೆಟ್ಟಿನಲ್ಲಿ ಮಾತ್ರ ಒಂದು ವಾದ್ಯ ಹೆಚ್ಚಿಗೆ ಇದೆ.

ನಾಲ್ಕು: ಸಾಂಬಾರು

ನಮ್ಮ ಬೀದಿಯ ಕೊನೆಯಲ್ಲಿ ಉಡುಪಿ ಕಡೆಯವರ ಹೋಟೆಲಿತ್ತು. ಕ್ಯಾಸೆಟ್ಟು ಬಂದ ವಾರ ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಅದೇ ಹಾಡು. ನಾವು ಇಡ್ಲಿ ತಿನ್ನಲು ಹೋದೆವು. ತನ್ನ ದನಿ ಕೇಳಿ ಮಗಳು ತಲೆ ತಗ್ಗಿಸಿ ಕೂತಳು, ಮೇಜಿನ ಕೆಳಗೆ ಕಾಲು ಮಾತ್ರ ತಾಳ ಹಾಕುತ್ತಿತ್ತು. ಯಜಮಾನರು ಸಪ್ಲೈಯರನ್ನು ಕರೆದು ಸಾಂಬಾರಿಗೆ ಉಪ್ಪೇ ಇಲ್ಲ ಎಂದರು.

ಅವನು ಸ್ಪೀಕರಿನ ಕಡೆ ಗಲ್ಲ ಎತ್ತಿದ. "ಅದು ಇದ್ದ ಹಾಗೇ ಚಂದ ಸರ್. ಬೆಳಗ್ಗೆಯಿಂದ ಅದನ್ನೇ ಹೇಳ್ತಾ ಉಂಟಲ್ಲ."

ನನ್ನ ಬರವಣಿಗೆಯಿಂದ ಮೊದಲು ಉದ್ಧಾರವಾದದ್ದು ಆ ಸಾಂಬಾರು.

ಐದು: ಒನ್ ಮೋರ್

ನವೆಂಬರಿನಲ್ಲಿ ವೇಲಚೇರಿಯ ಒಂದು ಸಭಾಂಗಣದಲ್ಲಿ ಸಂಘದ ರಾಜ್ಯೋತ್ಸವ. ಮಗಳು ಅದೇ ಹಾಡನ್ನು ವೇದಿಕೆಯ ಮೇಲೆ ಒಬ್ಬಳೇ ಹಾಡಬೇಕು, ಅಜ್ಜಿ ಪಕ್ಕದಲ್ಲಿರುವುದಿಲ್ಲ. ಅಂದು ಬಾಯಿ ಬಿಡದಿದ್ದರೆ ಅವಳು ಮತ್ತೆಂದೂ ಬಚ್ಚಲಿನಿಂದ ಹೊರಗೆ ಹಾಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಅತ್ತೆ ಮೊದಲ ಸಾಲಿನಲ್ಲಿ ಕೂತರು, ಮಾಸ್ಟರ್ ಹಿಂದೆ ಧ್ವನಿವರ್ಧಕದ ಹತ್ತಿರ ನಿಂತರು.

ಟ್ರ್ಯಾಕ್ ಶುರುವಾಯಿತು. ಅವಳು ಹಾಡಲಿಲ್ಲ. ಸಭೆಯಲ್ಲಿ ಗುಸುಗುಸು ಎದ್ದಿತು. ಅವಳು ಮಾಸ್ಟರ್ ಮಾಡುವ ಹಾಗೇ ಕೈಯೆತ್ತಿ ನಿಂತಳು, ಸಭೆ ಸುಮ್ಮನಾಗುವವರೆಗೂ ಇಳಿಸಲಿಲ್ಲ. ಆಮೇಲೆ "ಒನ್ ಮೋರ್" ಎಂದು ಹೇಳಿ, ಟ್ರ್ಯಾಕನ್ನು ಮೊದಲಿನಿಂದ ಹಾಕಿಸಿ ಹಾಡಿದಳು. ಕೂಸುಗಳೂ ಅಳು ನಿಲ್ಲಿಸಿ ಕೇಳಿದವು. ಇವಳು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೇ ಎಂದು ನಾನು ಬೆರಗಿನಿಂದ ನೋಡುತ್ತಾ ಉಳಿದೆ, ಚಪ್ಪಾಳೆ ಹೊಡೆಯುವುದೂ ನೆನಪಾಗಲಿಲ್ಲ.

ಅಧ್ಯಕ್ಷರು ನನ್ನನ್ನು ವೇದಿಕೆಗೆ ಕರೆದು ಮೈಕು ಕೊಟ್ಟರು. "ಮಕ್ಕಳಿಗೆ ಆತ್ಮವಿಶ್ವಾಸದ ಹಾಡು ಬರೆದ ತಾಯಿ ಇವರೇ. ಎಂಥಾ ಮಗಳು ನಿಮ್ಮವಳು, ಎರಡು ಮಾತಾಡಿ."

ನನ್ನ ಬಾಯಿ ತಾನಾಗಿ ತೆರೆದುಕೊಂಡಿತು. "ಅಯ್ಯೋ, ಅವಳಿಗೇನೂ ಬರಲ್ಲ ಬಿಡಿ..."

ಇಡೀ ಸಭಾಂಗಣಕ್ಕೆ ಕೇಳಿಸಿತು. ಮಗಳು ನನ್ನ ಕೈಯಿಂದ ಮೈಕನ್ನು ಮೆತ್ತಗೆ ತೆಗೆದುಕೊಂಡಳು. ತಮಿಳಿನಲ್ಲಿ ಅಲ್ಲ, ಅಚ್ಚ ಕನ್ನಡದಲ್ಲಿ ಹೇಳಿದಳು. "ಅಮ್ಮಾ, ಇದು ಸರಿಯಾಗಿ ಬರಲಿಲ್ಲ. ಒನ್ ಮೋರ್."

ಮೈಕು ವಾಪಸು ಬಂತು. ಗಂಟಲು ಸರಿಮಾಡಿಕೊಂಡೆ. "ನನ್ನ ಮಗಳು ತುಂಬಾ ಚೆನ್ನಾಗಿ ಹಾಡ್ತಾಳೆ. ಅವಳ ಕೈಲಿ ಆಗುತ್ತೆ," ಎಂದೆ. ನನ್ನ ಬಲಗೈ ಅವಳ ಬೆನ್ನ ಮೇಲಿತ್ತು.

ಮೊದಲ ಸಾಲಿನಿಂದ ಪಟಪಟ ಎಂದು ಸದ್ದು ಬಂತು. ಹಿಂದೆ ನಿಂತಿದ್ದ ಮಾಸ್ಟರ್ ಬಗ್ಗಿ ವೈರು ಮುಟ್ಟಿದ್ದನ್ನು ನೋಡಿ ಮಗಳು ನನ್ನ ಕೈಲಿದ್ದ ಮೈಕಿಗೆ ಬಾಯಿ ಹಚ್ಚಿದಳು.

"ಅಂಕಲ್, ಕೇಬಲ್ ಸರಿಯಾಗಿದೆ. ಅದು ನಮ್ಮಜ್ಜಿ."