ಆಯುಧಪೂಜೆಗೆ ರಸ್ತೆಗಿಳಿದ ಕಾರು

ಉಪಯೋಗವಿಲ್ಲದ ವಸ್ತುವೊಂದನ್ನು ಎಸೆಯಲು ಕೈಗೆತ್ತಿಕೊಂಡ ಕೂಡಲೇ ನನಗೆ ಅದರ ಉಪಯೋಗಗಳು ಹೊಳೆಯತೊಡಗುತ್ತವೆ. ಹಿಡಿ ಮುರಿದ ಕುಕ್ಕರಿನಲ್ಲಿ ಕೊತ್ತಂಬರಿ ಬೆಳೆಯಬಹುದು, ಒಂಟಿ ಕಾಲುಚೀಲದಲ್ಲಿ ಕನ್ನಡಕ ಒರೆಸಬಹುದು. ಕುಕ್ಕರಿನಲ್ಲಿ ಈವರೆಗೆ ಏನೂ ಬೆಳೆದಿಲ್ಲ, ಕನ್ನಡಕವನ್ನು ನಾನು ಅಂಗಿಯ ತುದಿಯಲ್ಲೇ ಒರೆಸುತ್ತೇನೆ, ಅದು ಬೇರೆ ಮಾತು. ಇಂಥವನ ಕೈಯಲ್ಲಿ ಇಡೀ ಒಂದು ಕಾರನ್ನು ಎಸೆಯುವುದು ಆದೀತೇ? ಸಿಡ್ನಿಯ ಟೂಂಗಾಬಿಯ ನಮ್ಮ ಮನೆಯ ಡ್ರೈವ್‌ವೇಯಲ್ಲಿ ನೀಲಿ ತಾಡಪಾಲು ಹೊದ್ದು ನಿಂತಿದ್ದ ಹಳೆಯ ಕಾರು ಎರಡು ವರ್ಷದಿಂದ ಓಡಿರಲಿಲ್ಲ. ಓಡದ ಕಾರಿಗೆ ರೆಜೊ ಏಕೆ, ಇನ್ಶೂರೆನ್ಸ್ ಏಕೆ ಎಂದು ಎರಡನ್ನೂ ಕೈಬಿಟ್ಟಿದ್ದೆ. ರೆಜೊ ಎಂದರೆ ಇಲ್ಲಿಯವರ ಬಾಯಲ್ಲಿ ವಾಹನದ ನೋಂದಣಿ. ನಮ್ಮ ಸ್ವಂತ ಜಾಗದಲ್ಲಿ ನಿಂತಿರುವ ತನಕ ಸರ್ಕಾರವೂ ಅದರ ತಂಟೆಗೆ ಬರುವುದಿಲ್ಲ. ನನ್ನ ಹೆಂಡತಿ ಸುಧಾ ಮಾತ್ರ ಬರುತ್ತಿದ್ದಳು. "ರೀ, ಅದನ್ನ ಗುಜರಿಗೆ ಕಳಿಸಿ. ಆ ಜಾಗದಲ್ಲಿ ಕರಿಬೇವಿನ ಕುಂಡ ಇಡ್ತೀನಿ" ಎಂದು ವಾರಕ್ಕೊಮ್ಮೆಯಾದರೂ ಹೇಳುವಳು.

ಅವಳಿಗೇನು ಗೊತ್ತು ಆ ಕಾರಿನ ಮಹಿಮೆ ಎಂದು ನಾನು ಸುಮ್ಮನಾಗುತ್ತಿದ್ದೆ. ಮೆಲ್ಬರ್ನಿನ ವೆರಿಬೀಯಲ್ಲಿ ಓದುತ್ತಿದ್ದಾಗ ನಾವು ನಾಲ್ವರು ಹುಡುಗರು ಪಾಲು ಹಾಕಿ ಕೊಂಡ ಕಾರು ಅದು. ಎಡಗಡೆಯ ಗಾಜು ತಾನಾಗಿ ಕೆಳಗಿಳಿಯುತ್ತಿದ್ದುದರಿಂದ ಅಲ್ಲಿ ಕೂತವನು ಚಳಿಗಾಲವಿಡೀ ಅದನ್ನು ಅಂಗೈಯಲ್ಲಿ ಎತ್ತಿ ಹಿಡಿದಿರಬೇಕಿತ್ತು. ಒಬ್ಬೊಬ್ಬನಿಗೂ ಪಿಆರ್, ಎಂದರೆ ಇಲ್ಲಿ ಕಾಯಂ ನೆಲೆಸುವ ಅನುಮತಿ, ಬಂದಂತೆ ಒಬ್ಬೊಬ್ಬನೂ ತನ್ನ ಪಾಲು ಬಿಟ್ಟುಕೊಟ್ಟು ಹೊಸ ಕಾರು ಕೊಂಡ. ಕಟ್ಟಕಡೆಗೆ ಪಿಆರ್ ಬಂದವನು ನಾನು, ಹಾಗಾಗಿ ಇಡೀ ಕಾರು ನನ್ನದಾಯಿತು. ಮದುವೆಯಾಗಿ, ಕೆಲಸ ಸಿಕ್ಕಿ ಅದೇ ಕಾರಿನಲ್ಲಿ ಸಿಡ್ನಿಗೆ ಬಂದೆವು. ಬಂದ ವರ್ಷವೇ ನನಗೆ ಶನಿಕಾಟ, ಕಬ್ಬಿಣ ನನ್ನ ಹೆಸರಿನಲ್ಲಿರಕೂಡದು ಎಂದು ತುಮಕೂರಿನ ಜೋಯಿಸರು ನನ್ನ ಅತ್ತೆಗೆ ಹೇಳಿದರು, ಅತ್ತೆ ನಮಗೆ ಫೋನ್ ಮಾಡಿದರು. ಕಾರನ್ನು ಸುಧಾಳ ಹೆಸರಿಗೆ ಮಾಡಿಸಿದೆವು. ಮಗಳ ಮೇಲೆ ಶನಿ ಬಂದರೆ ಪರವಾಗಿಲ್ಲವೇ ಎಂದು ಅತ್ತೆಯನ್ನು ಕೇಳುವ ಧೈರ್ಯ ನನಗಿರಲಿಲ್ಲ.

ಆ ಸಲದ ಆಯುಧಪೂಜೆಯ ದಿನ ಸುಧಾ ನಮ್ಮ ಹೊಸ ಕಾರಿಗೆ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟಳು. ಪಕ್ಕದಲ್ಲೇ ತಾಡಪಾಲಿನೊಳಗಿದ್ದ ಹಳೆಯ ಕಾರನ್ನು ನೆನೆದು ನನ್ನ ಕರುಳು ಚುರುಕ್ ಎಂದಿತು. ಮನೆಯ ಹಿರಿಯರನ್ನು ಉಪವಾಸ ಕೂರಿಸಿ ಮಕ್ಕಳಿಗಷ್ಟೇ ಹೋಳಿಗೆ ಬಡಿಸಿದ ಹಾಗಾಯಿತಲ್ಲ! ಅದಕ್ಕೂ ಪೂಜೆಯಾಗಲಿ ಎಂದು ಹಟ ಹಿಡಿದೆ. ಪೂಜೆಯೇನೋ ಆಯಿತು. ಆದರೆ ನಿಂಬೆಹಣ್ಣಿಟ್ಟ ಮೇಲೆ ಚಕ್ರ ಅದರ ಮೇಲೆ ಹರಿಯಲೇಬೇಕು, ಇಲ್ಲದಿದ್ದರೆ ಪೂಜೆ ಅರ್ಧಕ್ಕೇ ನಿಂತಂತೆ. ಬ್ಯಾಟರಿ ಸತ್ತಿತ್ತು. ನಮ್ಮ ಡ್ರೈವ್‌ವೇ ರಸ್ತೆಯ ಕಡೆಗೆ ಇಳಿಜಾರು. ಹ್ಯಾಂಡ್‌ಬ್ರೇಕ್ ಸಡಿಲಿಸಿ ಗೇಣಷ್ಟು ಬಿಟ್ಟರೆ ಸಾಕೆಂದು ಒಳಗೆ ಕೂತೆ. ನಿಂಬೆಹಣ್ಣು ಚಟ್ಟೆಂದಿತು. ಕಾರು ಮಾತ್ರ ಬ್ರೇಕು ಒತ್ತಿದರೂ ನಿಲ್ಲದೆ, ಎರಡು ವರ್ಷದ ಆಸೆ ತೀರಿಸಿಕೊಳ್ಳುವಂತೆ ಸೀದಾ ರಸ್ತೆಗಿಳಿಯಿತು. ಸ್ಟೇರಿಂಗ್ ಜೊತೆ ಕುಸ್ತಿ ಮಾಡಿ ಹೇಗೋ ಬದಿಗೆ ನಿಲ್ಲಿಸಿದೆ.

ಎದುರು ಮನೆಯ ಡೆನ್ಜಿಲ್ ಓಡಿ ಬಂದರು. ಮಂಗಳೂರಿನ ಕೊಂಕಣಿ ಮಾತಿನವರು, ಬ್ಲ್ಯಾಕ್‌ಟೌನಿನ ವೃದ್ಧಾಶ್ರಮವೊಂದರಲ್ಲಿ ನರ್ಸ್. "ಎಂತ ಮಾರಾಯ್ರೆ, ಇದಕ್ಕೆ ಪೂಜೆ ಮಾಡುದಾ? ನಮ್ಮ ಫಾದರನ್ನು ಕರೆದು ಲಾಸ್ಟ್ ರೈಟ್ಸ್ ಕೊಡಿಸ್ಬೇಕಿತ್ತು" ಎಂದರು. ಇಬ್ಬರೂ ಸೇರಿ ಏರಿಗೆ ತಳ್ಳಿದೆವು. ಕಾರು ಅಲುಗಲಿಲ್ಲ, ಅವರ ಸೊಂಟ ಅಲುಗಿತು. "ಶನಿವಾರ ನಾಲ್ಕು ಜನ ಸೇರಿಸುವ, ಬಿಡಿ" ಎಂದು ಸೊಂಟ ಹಿಡಿದುಕೊಂಡು ಹೋದರು. ಶನಿವಾರ ಜನ ಸೇರಿದರು, ಕಾರು ಮನೆ ಸೇರಿತು. ಅಷ್ಟರೊಳಗೆ ಯಾರೋ ಅಧಿಕಾರಿ ಬಂದು ಫೋಟೋ ತೆಗೆದುಕೊಂಡು ಹೋಗಿದ್ದ. ಕೆಲವು ದಿನಗಳಲ್ಲಿ ಸುಧಾಳ ಹೆಸರಿಗೆ ದಂಡದ ನೋಟಿಸ್ ಬಂತು, ಒಂದಲ್ಲ, ಎರಡು. ರೆಜೊ ಇಲ್ಲದ್ದಕ್ಕೆ ಒಂದು, ಇನ್ಶೂರೆನ್ಸ್ ಇಲ್ಲದ್ದಕ್ಕೆ ಇನ್ನೊಂದು. ಶನಿಗೆ ಹೊಸ ವಿಳಾಸ ಸರಿಯಾಗಿಯೇ ಸಿಕ್ಕಿತ್ತು.

ಬಳಸದ ಕಾರಿಗೆ ಎಂಥ ದಂಡ ಎಂದು ನನಗೆ ರೇಗಿತು. ನೋಟಿಸಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಮಾಲೀಕರೊಂದಿಗೆ ಮಾತ್ರ ಮಾತಾಡುತ್ತೇವೆ ಎಂದರು. ಸುಧಾ ಫೋನು ತೆಗೆದುಕೊಂಡು "ಯೆಸ್, ಹೀ ಕ್ಯಾನ್ ಸ್ಪೀಕ್" ಎಂದು ಅನುಮತಿ ಕೊಟ್ಟಳು. ಮನೆಯಲ್ಲಿ ನನಗೆ ಅಪರೂಪಕ್ಕೆ ಸಿಗುವ ಅನುಮತಿ ಅದು. ಆ ಕಡೆಯ ಹೆಂಗಸು ಬಹಳ ಸೌಮ್ಯವಾಗಿ, ರಸ್ತೆಯ ಮೇಲೆ ಸುಮ್ಮನೆ ನಿಂತರೂ ಕಾನೂನಿನ ಪ್ರಕಾರ ಅದು ಬಳಕೆಯೇ ಎಂದು ವಿವರಿಸಿದಳು. ಆಮೇಲೆ, ಫೋಟೋದಲ್ಲಿ ಕಾರು ಯಾರದೋ ಮದುವೆಗೆ ಹೊರಟ ಹಾಗಿದೆಯಲ್ಲ, ಬಳಸದ ಕಾರನ್ನು ಇಷ್ಟು ಚೆಂದ ಅಲಂಕರಿಸುತ್ತೀರಾ ಎಂದು ಕೇಳಿದಳು. ನಿಂಬೆಹಣ್ಣಿನ ವಿಷಯ ಇಂಗ್ಲಿಷಿನಲ್ಲಿ ಹೇಳಲು ಹೊರಟು, ನನಗೇ ನಂಬಿಕೆ ಬಾರದೆ ನಿಲ್ಲಿಸಿದೆ. ಮರುಪರಿಶೀಲನೆಗೆ ಬರೆದು ಕೇಳಿ ಎಂದಳು.

ಮಾಲೀಕಳು ಸುಧಾ ಆದ್ದರಿಂದ ಅವಳೇ ಬರೆದಂತೆ ನಾನು ಮೂರು ಪುಟ ಬರೆದೆ. ಈ ಕಾರೆಂದರೆ ನನಗೆ ಪ್ರಾಣ, ಇದಕ್ಕೆ ದಂಡ ಹಾಕುವುದು ನನ್ನ ಭಾವನೆಗಳಿಗೆ ದಂಡ ಹಾಕಿದಂತೆ, ಇತ್ಯಾದಿ. ಓದುತ್ತಾ ಓದುತ್ತಾ ಅವಳ ಕನ್ನಡಕ ಮೂಗಿನ ತುದಿಗೆ ಬಂತು.

"ಯಾರಿಗೆ ಪ್ರಾಣ?"

"ಸುಮ್ನೆ ಬರೆಯೋಕೆ ಕಣೆ."

"ಸುಳ್ಳಿಗೆ ನಾನು ಸೈನ್ ಹಾಕಲ್ಲ. ಕಾರು ಗುಜರಿಗೆ ಹೋಗುತ್ತೆ ಅಂತ ಬರೀರಿ, ಹಾಕ್ತೀನಿ. ಇಲ್ಲಾಂದ್ರೆ ದಂಡ ಕಟ್ಟಿ, ಕಾರು ಇಟ್ಕೊಳಿ."

ಕಾರು ಉಳಿಯಬೇಕಾದರೆ ದಂಡ, ದಂಡದ ಹಣ ಉಳಿಯಬೇಕಾದರೆ ಕಾರಿಲ್ಲ. ಎರಡು ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ. ಮಗಳು "ಅಪ್ಪಾ, ಇಟ್ಸ್ ಜಸ್ಟ್ ಎ ಕಾರ್" ಎಂದು ಸಮಾಧಾನ ಹೇಳಿ ಉರಿಯುವ ಬೆಂಕಿಗೆ ತುಪ್ಪ ಹಾಕಿದಳು. ಹೊಸ ಮಾರ್ಟ್‌ಗೇಜ್ ಸಾಲ ತಲೆಯ ಮೇಲಿದ್ದವನು ಎಷ್ಟೆಂದು ಸೆಟೆದುಕೊಳ್ಳಲಾದೀತು? ಮೂರನೆಯ ದಿನ ಸೋತೆ. ಸುಧಾ ನನ್ನ ಮೂರು ಪುಟ ಬದಿಗಿಟ್ಟು ತಾನೇ ನಾಲ್ಕು ಸಾಲು ಬರೆದಳು: ಹಬ್ಬವಿತ್ತು, ಕಾರು ಜಾರಿತು, ತಳ್ಳಲಾಗಲಿಲ್ಲ, ನನ್ನ ಗಂಡನಿಗೆ ಏನನ್ನೂ ಎಸೆಯಲು ಬರುವುದಿಲ್ಲ, ಆದರೂ ಈ ತಿಂಗಳೊಳಗೆ ಗುಜರಿಗೆ ಕಳಿಸುತ್ತೇವೆ. ಎಚ್ಚರಿಕೆ ಕೊಟ್ಟು ಎರಡೂ ದಂಡ ಮನ್ನಾ ಮಾಡಿದ್ದೇವೆ ಎಂದು ಉತ್ತರ ಬಂತು. ಗೆದ್ದೆವೆಂದು ಸಂತೋಷಪಡಬೇಕೋ, ನನ್ನ ಸಾಹಿತ್ಯವಿಲ್ಲದೆಯೇ ಗೆದ್ದೆವೆಂದು ಬೇಸರಪಡಬೇಕೋ ತಿಳಿಯಲಿಲ್ಲ.

ಗುಜರಿಯವನು ಬರುವ ದಿನ ಅಳುವುದಕ್ಕೆಂದೇ ನಾನು ಅರ್ಧ ದಿನ ರಜೆ ಹಾಕಿದ್ದೆ. ಅವನು ಕಾರನ್ನು ಟ್ರಕ್ಕಿಗೆ ಏರಿಸಿದ, ಟ್ರಕ್ಕು ತಿರುವಿನಲ್ಲಿ ಮರೆಯಾಯಿತು. ನಾನು ಕಾದೆ. ದುಃಖ ಬರಲಿಲ್ಲ. ಹೆಗಲಿನಿಂದ ಮೂಟೆ ಇಳಿಸಿದ ಹಾಗೆ ಹಗುರವಾಯಿತು, ಎರಡು ವಾರದಲ್ಲಿ ಮೊದಲ ಬಾರಿಗೆ ಚೆನ್ನಾಗಿ ಹಸಿವಾಯಿತು. ಒಳಗೆ ಬಿಸಿಬೇಳೆಬಾತಿನ ಒಗ್ಗರಣೆಯ ವಾಸನೆ. ಊಟಕ್ಕೆ ಕೂರೋಣ ಎನ್ನಲು ತಿರುಗಿದರೆ ಸುಧಾ ಖಾಲಿ ಡ್ರೈವ್‌ವೇ ನೋಡುತ್ತಾ ದುಪಟ್ಟಾದ ತುದಿಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ನಾನು ಡ್ರೈವಿಂಗ್ ಕಲ್ತಿದ್ದು ಇದರಲ್ಲೇ ಅಲ್ವೇನ್ರಿ? ಈ ದೇಶದಲ್ಲಿ ನಿಮ್ಮನ್ನ ಕೇಳ್ದೆ ಒಬ್ಳೇ ಎಲ್ಲಿಗಾದ್ರೂ ಹೋಗಬಹುದು ಅಂತ ನಂಗೆ ಗೊತ್ತಾಗಿದ್ದೇ ಇದರಲ್ಲಿ."

ಆ ಕಾರಿನ ನೆನಪುಗಳೆಲ್ಲ ನನ್ನೊಬ್ಬನ ಸ್ವತ್ತೆಂದು ಇಷ್ಟು ವರ್ಷ ಮೆರೆದವನು ನಾನು. ನಿನಗೇನಾದರೂ ನೆನಪಿದೆಯಾ ಎಂದು ಅವಳನ್ನು ಒಮ್ಮೆಯೂ ಕೇಳಿರಲಿಲ್ಲ. ಮನಸ್ಸಿಗೆ ನಿಜವಾಗಿ ನೋವಾಯಿತು.

"ನಿಮಗೇನೂ ಅನ್ನಿಸ್ತಿಲ್ವಾ?" ಎಂದಳು.

ಹಸಿವನ್ನು ನುಂಗಿಕೊಂಡು, ಆದಷ್ಟೂ ಸಪ್ಪೆ ಮೋರೆ ಮಾಡಿ, "ಹೇಳಿಕೊಳ್ಳೋಕೆ ಆಗ್ತಿಲ್ಲ ಕಣೆ" ಎಂದೆ.